ಅರ್ಧ ತಾಸಿನ ದ್ವೀಪಕ್ಕೆ ಒಂದು ದಿನ

ದ್ವೀಪ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಅಂಡಮಾನ್, ಲಕ್ಷದ್ವೀಪ ಎನ್ನುತ್ತಾರೆ. ಶ್ರೀರಂಗಪಟ್ಟಣವೂ ದ್ವೀಪವೆಂಬುದು ಅಲ್ಲಿಗೆ ಪ್ರವಾಸ ಹೋಗಿ ಬಂದವರಿಗೂ ನೆನಪಿರುವುದಿಲ್ಲ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡಾಗಿ ಕವಲೊಡೆದು ಪೂರ್ವದ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ನಡುವಿನ ನೆಲದ ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂವರೆ. ಶಾಲಾ ಪ್ರವಾಸದ ಬಸ್ಸುಗಳು ಇದನ್ನು ಎರಡು ತಾಸಿನಲ್ಲಿ ಮುಗಿಸಿ ಬೃಂದಾವನದ ಕಾರಂಜಿಗೆ ಓಡುತ್ತವೆ.

ಸಂಕ್ರಾಂತಿಯ ರಜೆಯಲ್ಲಿ ನಾವು ಮೂವರು ಶಿಕ್ಷಕರು ರಾತ್ರಿ ರೈಲಿನಲ್ಲಿ ಹುಬ್ಬಳ್ಳಿಯಿಂದ ಮೈಸೂರಿಗೆ ಹೋದೆವು. ಬಿ.ಎಡ್. ಸಹಪಾಠಿಯೊಬ್ಬರು ತಮ್ಮ ಹಳೆಯ ಮಾರುತಿ ಕಾರು ಕೊಟ್ಟರು. ಗಬ್ಬೂರ ಬೈಪಾಸಿನ ಲಾರಿಗಳನ್ನು ದಿನವೂ ನೋಡುವ ನನಗೆ ನಿಧಾನವಾಗಿ ಓಡಿಸುವುದೇ ಒಂದು ಸುಖ.

‘ಅರ್ಧ ತಾಸಿನ ಹಾದೀಗೆ ಇಡೀ ದಿವಸ ಯಾಕ್ರೀ ಸರ?’ ಎಂದರು ನಮ್ಮ ಪಿ.ಟಿ. ಮಾಸ್ತರು.

‘ಅವಸರ ಬ್ಯಾಡ್ರಿ. ಮತ್ತ ಮರೀಲಾರದಂಗ ನೋಡಬೇಕು’ ಎಂದರು ಇತಿಹಾಸದ ಮಾಸ್ತರು.

ಕಾರಣ ನಮಗೆ ಗೊತ್ತಿತ್ತು. ಕನ್ನಡಕದ ನಂಬರು ಬದಲಿಸಲು ಹೋದ ಅವರಿಗೆ ವೈದ್ಯರು ಗ್ಲಾಕೋಮಾ ಇದೆ ಎಂದಿದ್ದರು. ಕಣ್ಣಿನೊಳಗಿನ ದ್ರವದ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು. ಹಲವರಲ್ಲಿ ಅದು ಏರಿ, ದೃಷ್ಟಿನರ ಮೆಲ್ಲಗೆ ಸವೆಯುತ್ತದೆ. ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಅಂಚಿನ ನೋಟ. ಆ ಜಾಗ ಕಪ್ಪಾಗಿಯೂ ಕಾಣುವುದಿಲ್ಲ. ಮಿದುಳು ಅದನ್ನು ಹೇಗೋ ತುಂಬಿಕೊಂಡುಬಿಡುತ್ತದೆ. ಹೋದ ನೋಟ ಮರಳದು; ಔಷಧದ ಹನಿಗಳು ಉಳಿದದ್ದನ್ನು ಕಾಯಬಲ್ಲವು.

ಕೋಟೆ ನೋಡಿ, ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಬಳಿ ನಿಂತೆವು. ನೀರಿನಲ್ಲಿ ಬಂಡೆಗಳು ತಲೆ ಎತ್ತಿದ್ದವು. ಈ ಭಾಗದ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮುಂದೆ 1799ರ ಮೇ 4, ಟಿಪ್ಪು ಮಡಿದ ದಿನ, ನಿನ್ನೆ ಮೊನ್ನೆಯದು.

1784ರ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ವರ್ಷಗಟ್ಟಲೆ ಮಕ್ಕಳಿಗೆ ವರ್ಣಿಸಿದ ಚಿತ್ರದ ಎದುರು ಇತಿಹಾಸದ ಮಾಸ್ತರು ಮೊದಲ ಬಾರಿಗೆ ನಿಂತಿದ್ದರು. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ ಅವರಿಗೆ ಕಂಡ. ಸಿಡಿಯುವ ಮದ್ದಿನ ಬಂಡಿ ಕಾಣಲಿಲ್ಲ. ‘ಸ್ವಲ್ಪ ಹೊಳ್ಳಿ ನೋಡ್ರಿ ಸರ’ ಎಂದೆ. ಅವರು ಕುತ್ತಿಗೆ ತಿರುಗಿಸಿ, ‘ಹಾಂ, ಇಲ್ಲೈತಿ’ ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಟಿಪ್ಪುವಿನ ರಾಕೆಟ್ಟಿನ ಕಬ್ಬಿಣದ ಕೊಳವೆ ಬಿದಿರಿಗಿಂತ ಹೆಚ್ಚು ಒತ್ತಡ ತಡೆಯುತ್ತಿದ್ದರಿಂದಲೇ ಅದು ದೂರ ಹಾರುತ್ತಿತ್ತು ಎಂದು ನಾನೇ ಪಾಠ ಶುರುಮಾಡಬೇಕಾಯಿತು.

ಗುಂಬಜ್ ನೋಡಿ ಸಂಗಮಕ್ಕೆ ಬಂದಾಗ ಮಧ್ಯಾಹ್ನ ಎರಡು. ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಇತಿಹಾಸದ ಮಾಸ್ತರು ಬೆಂಗಳೂರಿನಲ್ಲಿರುವ ಮಗನಿಗೆ ವಿಷಯ ತಿಳಿಸಿರಲಿಲ್ಲ. ‘ಹೊಸಾ ಸಂಸಾರ, ಸುಮ್ನ ಚಿಂತಿ ಯಾಕ’ ಎಂಬುದು ಅವರ ವಾದ. ಈ ರೋಗ ಮನೆತನದಲ್ಲಿ ಹರಿದು ಬರುವುದುಂಟು; ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹಲವು ಪಟ್ಟು ಹೆಚ್ಚು. ‘ಸರ, ನೀವು ಮುಚ್ಚಿಡೋದು ನಿಮ್ಮ ಸುದ್ದಿ ಅಲ್ಲ, ಅವನ ಸುದ್ದಿ’ ಎಂದರು ಪಿ.ಟಿ. ಮಾಸ್ತರು. ಹೆಚ್ಚು ಮಾತಾಡದ ಮನುಷ್ಯ ಅವರು. ಇತಿಹಾಸದ ಮಾಸ್ತರು ಕೈ ತೊಳೆದು, ಫೋನು ಹಿಡಿದು ನದಿಯ ಕಡೆ ನಡೆದರು. ನಾವು ಹಿಂದೆ ಹೋಗಲಿಲ್ಲ.

ಮಗ ಮರುವಾರವೇ ಪರೀಕ್ಷೆ ಮಾಡಿಸಿದ. ಒತ್ತಡ ತುಸು ಹೆಚ್ಚಿದೆ, ನರಕ್ಕೆ ಧಕ್ಕೆ ಇಲ್ಲ. ತಪ್ಪದೆ ತೋರಿಸುತ್ತಿರಬೇಕು ಎಂದಿದ್ದಾರೆ ವೈದ್ಯರು.

ಪಾಲಕರೇ, ನಲವತ್ತು ದಾಟಿದ್ದರೆ ಕಣ್ಣಿನ ಒತ್ತಡ ಮತ್ತು ದೃಷ್ಟಿನರವನ್ನು ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅದಕ್ಕೂ ಮೊದಲೇ. ಮಕ್ಕಳೇ, ಅಪ್ಪ ಅಮ್ಮ ಮೆಟ್ಟಿಲು ಎಡವುತ್ತಿದ್ದರೆ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದರೆ ‘ವಯಸ್ಸಾಯ್ತು’ ಎಂದು ನಗಬೇಡಿ. ಕೈ ಹಿಡಿದು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ.