ದೀಪ ಮಸುಕಾದ ಹೊತ್ತು

ಬೆಳಗಿನ ಐದೂವರೆ. ಚಂದ್ರಗುತ್ತಿಯ ಗುಡ್ಡ ಕಾಣುತ್ತಿಲ್ಲ. ರೇಣುಕಾಂಬೆ ಗುಡಿಯ ಕಡೆಯ ಒಂದು ದೀಪ ಮಾತ್ರ ಕಾಣುತ್ತಿದೆ, ಅದೂ ಮಸುಕು. ನಡುವೆ ಎಷ್ಟು ಮಂಜಿದೆ ಎನ್ನುವುದನ್ನು ಆ ದೀಪ ಕಳೆದುಕೊಂಡ ಬೆಳಕೇ ಹೇಳುತ್ತಿದೆ. ಗೆಲಾಕ್ಸಿಗಳ ಸುತ್ತ ಹರಡಿದ ಅನಿಲವನ್ನೂ ಹೀಗೇ ಅಳೆಯುತ್ತಾರಂತೆ. ಓದಿದಾಗಿನಿಂದ ಈ ದೀಪವನ್ನು ಸುಮ್ಮನೆ ನೋಡಲು ಆಗುತ್ತಿಲ್ಲ.

*

ಅಲ್ಲಿ ದೀಪವೆಂದರೆ ಕ್ವೇಸಾರ್. ದೂರದ ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಗೆ ಅನಿಲ ಸುತ್ತಿ ಸುತ್ತಿ ಬೀಳುವಾಗ ಹೊಮ್ಮುವ ಬೆಳಕು. 3ಸಿ 273 ಎಂಬ ಕ್ವೇಸಾರ್ ಎಷ್ಟು ದೂರದ್ದೆಂದು 1963ರಲ್ಲಿ ಮಾರ್ಟೆನ್ ಸ್ಮಿತ್ ಕಂಡುಕೊಂಡರು: 200 ಕೋಟಿ ಜ್ಯೋತಿರ್ವರ್ಷಕ್ಕೂ ಆಚೆ. ಅದಿರುವುದು ಕನ್ಯಾ ರಾಶಿಯಲ್ಲಿ, ನಮ್ಮ ಚಿತ್ರಾ ನಕ್ಷತ್ರ ಇರುವ ರಾಶಿಯಲ್ಲೇ. ಬರಿಗಣ್ಣಿಗೆ ಸಿಗದು. ಆದರೂ ಆ ದಿಕ್ಕಿಗೆ ನೋಡಿದೆ.

ಕ್ವೇಸಾರ್‌ಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕೆಲವು ಕಪ್ಪು ಗೆರೆಗಳು ದಾರಿಯಲ್ಲಿ ಸಿಗುವ ಗೆಲಾಕ್ಸಿಗಳ ಹೊರವಲಯದ ಅನಿಲದಿಂದ ಬಂದಿರಬೇಕೆಂದು 1969ರಲ್ಲಿ ಬಾಕಾಲ್ ಮತ್ತು ಸ್ಪಿಟ್ಜರ್ ಸೂಚಿಸಿದರು. 1986ರಲ್ಲಿ ಜಾಕ್ಲಿನ್ ಬರ್ಜೆರಾನ್ ಅಂಥ ಗೆರೆಗೆ ಕಾರಣವಾದ ಗೆಲಾಕ್ಸಿಯನ್ನೇ ತೋರಿಸಿದರು.

*

ಒಂದು ವ್ಯತ್ಯಾಸ ಬರೆದಿಡಬೇಕು. ಮಂಜು ಎಲ್ಲ ಬಣ್ಣವನ್ನೂ ಮಸುಕು ಮಾಡುತ್ತದೆ. ಅನಿಲ ತನಗೆ ಬೇಕಾದ ಬಣ್ಣವನ್ನಷ್ಟೇ ಹೀರುತ್ತದೆ.

ಕಣ್ಣಾರೆ ನೋಡಬೇಕೆನಿಸಿ ಚಪ್ಪಲಿಯ ರಟ್ಟಿನ ಡಬ್ಬಕ್ಕೆ ಎರಡು ಬ್ಲೇಡಿನ ಅಂಚು ಸೇರಿಸಿ ಸೀಳು ಮಾಡಿದೆ. ಒಳಗೆ ಹಳೆಯ ಸಿ.ಡಿ.ಯ ತುಂಡು. ಸೂರ್ಯನ ಕಡೆ ತಿರುಗಿಸದೆ, ಬೆಳಗಿದ ಆಕಾಶಕ್ಕೆ ಹಿಡಿದೆ. ಬಣ್ಣದ ಪಟ್ಟಿ ಬಂತು. ಸೀಳನ್ನು ಇನ್ನಷ್ಟು ಕಿರಿದಾಗಿಸಿದ ಮೇಲೆ ಹಸಿರಿನ ಮಧ್ಯೆ ಕೂದಲೆಳೆಯಂಥ ಕಪ್ಪು ಗೆರೆ. ಸೂರ್ಯನ ವಾತಾವರಣದ ಮೆಗ್ನೀಷಿಯಂ ಹೀರಿದ ಜಾಗ ಅದು, ಅಲೆಯುದ್ದ 517 ನ್ಯಾನೊಮೀಟರ್ ಆಸುಪಾಸು.

"ಏನ್ ಕಾಣ್ತೈತಪ್ಪ ಅದ್ರಾಗೆ?" ಅವ್ವ ಕೇಳಿದಳು. ತೋಟದ ಗಿಡ ಹಳದಿಯಾದರೆ ಮೆಗ್ನೀಷಿಯಂ ಸಲ್ಫೇಟ್ ತರುತ್ತೇವಲ್ಲ, ಅದೇ ಮೆಗ್ನೀಷಿಯಂ ಸೂರ್ಯನಲ್ಲೂ ಇದೆ ಎಂದೆ. ಡಬ್ಬ ಇಸಿದುಕೊಂಡು ತಾನೂ ಬಹಳ ಹೊತ್ತು ನೋಡಿದಳು.

*

ಗೆಲಾಕ್ಸಿಗಳ ಸುತ್ತಲಿನ ತಂಪು ಅನಿಲದ ಗುರುತೂ ಮೆಗ್ನೀಷಿಯಂ, ಒಂದು ಎಲೆಕ್ಟ್ರಾನ್ ಕಳೆದುಕೊಂಡದ್ದು. 279.6 ಮತ್ತು 280.3 ನ್ಯಾನೊಮೀಟರ್‌ಗೆ ಜೋಡಿ ಗೆರೆ. ನಮ್ಮ ಆದಿತ್ಯ-ಎಲ್1 ನೌಕೆಯ ಸೂಟ್ ಉಪಕರಣ ಸೂರ್ಯನಲ್ಲಿ ನೋಡುವುದೂ ಇದೇ ಜೋಡಿಯನ್ನು. ಅದು ನೇರಳಾತೀತ ಬೆಳಕು, ನೆಲಕ್ಕೆ ಇಳಿಯದು. ಆದರೆ ಬೆಳಕು ಬರುವಷ್ಟರಲ್ಲಿ ವಿಶ್ವ ಎರಡು ಪಟ್ಟು ಹಿಗ್ಗಿದ್ದರೆ, ಗೆರೆಗಳೂ ಎರಡು ಪಟ್ಟು ಉದ್ದದ ಅಲೆಗೆ ಸರಿದು 559 ಮತ್ತು 561ರ ಬಳಿ, ಹಸಿರು-ಹಳದಿಯ ನಡುವೆ ಬಂದು ಕೂರುತ್ತವೆ. ಜೋಡಿಯಾಗಿಯೇ ಸರಿಯುವುದರಿಂದ ಗುರುತು ತಪ್ಪುವುದಿಲ್ಲ. ಎಷ್ಟು ಸರಿದಿವೆ ಎನ್ನುವುದೇ ಆ ಅನಿಲದ ದೂರದ ಲೆಕ್ಕ.

*

ಹೀಗೆ ನೆಲಕ್ಕೆ ಇಳಿದ ಬೆಳಕನ್ನು ಹಿಡಿಯುವ ದೂರದರ್ಶಕ ನಮ್ಮಲ್ಲೂ ಇದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಹೆಸರಿನ 'ಚಂದ್ರ' ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್. ಚಂದ್ರಗುತ್ತಿಯವನಾದ ನನಗೆ ಆ ಹೆಸರು ಓದಿದಾಗೆಲ್ಲ ಹಿತವೆನಿಸುತ್ತದೆ.

*

ನನ್ನನ್ನು ಕಾಡುವುದು 'ತಂಪು' ಎಂಬ ಮಾತು. ಗೆಲಾಕ್ಸಿಗಳ ಸುತ್ತಲಿನ ಈ ಅನಿಲದ ಬಿಸಿ ಸುಮಾರು 10,000 ಡಿಗ್ರಿ. ಸುತ್ತಲಿನದು 10 ಲಕ್ಷ ಡಿಗ್ರಿ ಇರುವುದರಿಂದ ಇದಕ್ಕೆ ತಂಪೆನ್ನುತ್ತಾರೆ. ಒಂದು ಲೀಟರ್ ಜಾಗದಲ್ಲಿ ಒಂದರಿಂದ ಹತ್ತು ಪರಮಾಣು ಇದ್ದರೆ ಹೆಚ್ಚು. ಗೆಲಾಕ್ಸಿಯಿಂದ 3 ಲಕ್ಷ ಜ್ಯೋತಿರ್ವರ್ಷದಷ್ಟು ದೂರದಲ್ಲೂ ಸಿಗುತ್ತದೆ. ಮೆಗ್ನೀಷಿಯಂ ತಯಾರಾಗುವುದು ದೊಡ್ಡ ನಕ್ಷತ್ರಗಳ ಒಡಲಲ್ಲಿ. ಅವು ಸಿಡಿದಾಗ ಎದ್ದ ಗಾಳಿ ಅದನ್ನು ಅಷ್ಟು ದೂರ ಒಯ್ದಿರಬೇಕು. ಸರಿ. ಆದರೆ ಅಂಥ ಬಿಸಿಯ ನಡುವೆ ಈ ತಂಪು ಮೋಡಗಳು ಆವಿಯಾಗದೆ, ಹರಿದು ಚೂರಾಗದೆ ಉಳಿದದ್ದು ಹೇಗೆ?

*

ಎಂಟೂವರೆ. ಮಂಜು ಕರಗಿತು. ಗುಡ್ಡದ ಮೇಲಿನ ಕೋಟೆ ಗೋಡೆ ಕಂಡಿತು. ನಾಳೆ ಮತ್ತೆ ಮಂಜು ಬರುತ್ತದೆ, ಆದರೆ ಅದು ಇವತ್ತಿನ ಮಂಜಲ್ಲ. ಆ ಮೋಡಗಳೂ ಹಾಗೇ ಇರಬಹುದೆ? ಬಿಸಿ ಅನಿಲ ಅಲ್ಲಲ್ಲಿ ತಣಿದು ಹೊಸ ಮೋಡ ಕಟ್ಟುತ್ತದೆ, ಹಳೆಯದು ಕರಗುತ್ತದೆ ಎಂಬ ವಾದ ಖಗೋಳಜ್ಞರಲ್ಲೂ ಇದೆ. ಉಳಿದುಕೊಂಡಂತೆ ಕಾಣುವುದು ದಿನವೂ ಹುಟ್ಟುವುದರಿಂದಲೇ ಇರಬಹುದು.

ಒಂದೇ ದೀಪದಿಂದ ಮಂಜಿನ ಆಕಾರ ತಿಳಿಯದು. ಒಂದು ಗೆಲಾಕ್ಸಿಯ ಹಿಂದೆಯೂ ಸಾಮಾನ್ಯವಾಗಿ ಒಂದು ಕ್ವೇಸಾರ್ ಸಿಕ್ಕರೆ ದೊಡ್ಡದು. ಅದಕ್ಕೇ ಸಾವಿರಾರು ಗೆಲಾಕ್ಸಿಗಳಿಂದ ಒಂದೊಂದು ನೋಟ ಕೂಡಿಸಿ ಚಿತ್ರ ಕಟ್ಟುತ್ತಾರೆ. ನನಗಿರುವುದು ಒಂದೇ ದೀಪ, ಆದರೆ ಬೆಳಗುಗಳು ಬೇಕಾದಷ್ಟಿವೆ. ನಾಳೆಯಿಂದ ಅದು ಮಸುಕಾದ ಹೊತ್ತು, ತಿಳಿಯಾದ ಹೊತ್ತು ಬರೆದಿಡುತ್ತೇನೆ.