ಪರಾಗದ ಪೆಟ್ಟಿಗೆಯ ಮೇಲಿನ ಮಾತು

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ನಾವು ಮಂಗಳೂರಿಗೆ ಹೋದಾಗ ಭಕ್ತರೊಬ್ಬರು ಬೈಕಂಪಾಡಿಯಲ್ಲಿರುವ ತಮ್ಮ ಉಗ್ರಾಣಕ್ಕೆ ಕರೆದೊಯ್ದರು. ವಿಜಯಪುರ ಸೀಮೆಯ ಸೂರ್ಯಕಾಂತಿ ಹೊಲಗಳ ಜೇನುಪೆಟ್ಟಿಗೆಗಳಿಂದ ಪರಾಗವನ್ನು ತರಿಸಿ, ಹಸನುಗೊಳಿಸಿ, ಪಣಂಬೂರಿನ ನವಮಂಗಳೂರು ಬಂದರಿನಿಂದ ಪರದೇಶಕ್ಕೆ ಕಳುಹಿಸುವುದು ಅವರ ಕಾಯಕ. ಪುತ್ತೂರಿನ ಸಹಕಾರಿ ಸಂಘದ ಜೇನುತುಪ್ಪವನ್ನು ಕರಾವಳಿಯ ಮನೆಗಳು ಬಲ್ಲವು. ಪರಾಗವನ್ನು ಬಲ್ಲವರು ವಿರಳ.

ಜೇನುನೊಣವು ಹೂವಿನ ಧೂಳಿಗೆ ತನ್ನ ಬಾಯಿಯ ಮಕರಂದವನ್ನು ಬೆರೆಸಿ, ಉಂಡೆಮಾಡಿ, ಹಿಂಗಾಲಿನಲ್ಲಿ ಹೊತ್ತು ತರುತ್ತದೆ. ಗೂಡಿನ ಬಾಗಿಲಿಗಿಟ್ಟ ಜಾಲರಿಯಲ್ಲಿ ನುಸುಳುವಾಗ ಉಂಡೆಗಳು ಕಳಚಿ ತಟ್ಟೆಗೆ ಬೀಳುತ್ತವೆ. ಅದು ಮರಿಗಳ ಅನ್ನ. ಆದುದರಿಂದ ವಿವೇಕಿಯಾದ ಕೃಷಿಕನು ಜಾಲರಿಯನ್ನು ನಿತ್ಯವೂ ಇಡದೆ ಗೂಡಿನ ಪಾಲನ್ನು ಗೂಡಿಗೇ ಬಿಡುತ್ತಾನೆ.

ಹಸಿ ಪರಾಗದಲ್ಲಿ ನೂರಕ್ಕೆ 20ರಿಂದ 30 ಪಾಲು ನೀರಿರುತ್ತದೆ. 40 ಡಿಗ್ರಿ ಮೀರದ ಬಿಸಿಗಾಳಿಯಲ್ಲಿ ಒಣಗಿಸಿ ಅದನ್ನು 8ರ ಒಳಗೆ ಇಳಿಸಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅನಂತರ ಜರಡಿಯಲ್ಲಿ ಪುಡಿ ತೆಗೆದು, ಗಾಳಿ ಹಾಯಿಸಿ ಹೊಟ್ಟು ಹಾರಿಸಿ, ನೊಣದ ರೆಕ್ಕೆ ಕಾಲುಗಳನ್ನು ಕೈಯಿಂದ ಆರಿಸುತ್ತಾರೆ. ಇಡಿಯುಂಡೆಗಳದು ಒಂದು ದರ್ಜೆ, ಒಡೆದುದರದು ಇನ್ನೊಂದು. ಗಾಳಿಯಾಡದ ಚೀಲದಲ್ಲಿ ತುಂಬಿ, ಪೆಟ್ಟಿಗೆಗಿಟ್ಟು, ಮರದ ಹಲಗೆಯ ಮೇಲೆ ನೆಲಕ್ಕೆ ತಾಗದಂತೆ ಜೋಡಿಸುತ್ತಾರೆ. ಕಡಲ ದಾರಿಯಲ್ಲಿ ಹಗಲ ಬಿಸಿಗೂ ಇರುಳ ತಂಪಿಗೂ ಕಂಟೇನರಿನ ಉಕ್ಕಿನ ಮಾಡು ಬೆವರಿ ಹನಿಯಿಕ್ಕುವುದರಿಂದ, ತೇವ ಹೀರುವ ಚೀಲಗಳನ್ನೂ ಒಳಗೆ ತೂಗುಹಾಕುತ್ತಾರೆ.

ಸುಂಕದ ಪಟ್ಟಿಯ ವರ್ಗೀಕರಣ ನಮಗೆ ಸೋಜಿಗವೆನಿಸಿತು. ಜೇನುತುಪ್ಪವು ಪ್ರಾಣಿಜನ್ಯ ವಸ್ತುಗಳ 4ನೆಯ ಅಧ್ಯಾಯಕ್ಕೆ ಸೇರಿದರೆ, ಅದೇ ನೊಣ ತಂದ ಪರಾಗವು ಸಸ್ಯಜನ್ಯ ವಸ್ತುಗಳ 12ನೆಯ ಅಧ್ಯಾಯಕ್ಕೆ ಸೇರುತ್ತದೆ. ಹೊತ್ತವರು ಯಾರೇ ಇರಲಿ, ಮೂಲ ಹೂವಿನದೇ.

ಆಗ ನಮ್ಮ ಕಣ್ಣು ಪೆಟ್ಟಿಗೆಯ ಮೇಲಿನ ಚೀಟಿಯತ್ತ ಹೋಯಿತು. 'ಸರ್ವರೋಗ ನಿವಾರಕ' ಎಂಬ ಮಾತು ಅಲ್ಲಿತ್ತು. ಅದು ನಮ್ಮದೇ ಮಾತು. ಎರಡು ವರ್ಷಗಳ ಹಿಂದೆ ಈ ಭಕ್ತರು ಆಶೀರ್ವಚನ ಬೇಡಿದಾಗ, ವಿಷಯವನ್ನು ಅರಿಯದೆ, ಪ್ರೀತಿಯ ಭರದಲ್ಲಿ ಬರೆದುಕೊಟ್ಟಿದ್ದೆವು. ಅದನ್ನು ನಂಬಿ, ಮೊದಲೇ ಹೂಧೂಳಿಗೆ ಸೀನುವ ತಮ್ಮ ಮಗಳಿಗೆ ತಾಯಿಯೊಬ್ಬರು ಒಂದು ಚಮಚ ತಿನ್ನಿಸಿದರಂತೆ. ಮಗುವಿನ ತುಟಿ ಊದಿ, ಉಸಿರು ಕಟ್ಟಿ, ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಶಿವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಮಗು ಉಳಿಯಿತು. ಭಕ್ತರು ಇದನ್ನು ಹೇಳುವಾಗ ನಮ್ಮನ್ನು ದೂರಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಹನ್ನೆರಡು ವರ್ಷ ಮಠದಲ್ಲಿ ಶಬ್ದಶಾಸ್ತ್ರ ಓದಿದ ನಾವು ಒಂದು ಶಬ್ದವನ್ನು ತೂಗದೆ ಬಳಸಿದ್ದೆವು. ಆ ಉಗ್ರಾಣದ ಹೆಣ್ಣುಮಕ್ಕಳಾದರೋ ಪ್ರತಿಯೊಂದು ಉಂಡೆಯನ್ನೂ ನೋಡಿ ಆರಿಸುತ್ತಿದ್ದರು. ಸತ್ಯಶುದ್ಧ ಕಾಯಕ ಯಾರದೆಂದು ನಾವು ಅಂದು ಅಲ್ಲಿ ಕಂಡೆವು.

ಆ ಚೀಟಿಗಳನ್ನು ತೆಗೆಸಿದೆವು. 'ಇದು ಆಹಾರ, ಔಷಧವಲ್ಲ. ಪರಾಗವು ಒಗ್ಗದವರು ಸೇವಿಸಬಾರದು' ಎಂದು ಹೊಸದಾಗಿ ಬರೆದುಕೊಟ್ಟೆವು. ಆ ತಾಯಿಯ ಮನೆಗೂ ಹೋಗಿ ತಪ್ಪನ್ನು ಒಪ್ಪಿಕೊಂಡೆವು. ಮಗು ನಮ್ಮ ಪಾದಕ್ಕೆರಗಲು ಬಂದಾಗ ತಡೆದು, ಪಕ್ಕದಲ್ಲಿ ಕೂರಿಸಿಕೊಂಡೆವು.

ಶರಣಬಂಧುಗಳೇ, ಗುರುವಿನ ಮಾತೆಂದು ಯಾವುದನ್ನೂ ಪರೀಕ್ಷಿಸದೆ ಮಕ್ಕಳ ಬಾಯಿಗೆ ಇಡದಿರಿ. ನಮ್ಮ ಮಾತಾದರೂ ಸರಿಯೇ, ಜರಡಿ ಹಿಡಿಯಿರಿ.