ಹಾನುಬಾಳಿನಿಂದ ಹೆಬ್ಬಾಳಕ್ಕೆ

ಜುಲೈ ತಿಂಗಳಲ್ಲಿ ಹಾನುಬಾಳು ದಾಟಿ ಮೇಲೆ ಬಂದರೆ ಮಧ್ಯಾಹ್ನ ಯಾವುದು, ಮುಸ್ಸಂಜೆ ಯಾವುದು ಎಂದು ತಿಳಿಯುವುದಿಲ್ಲ. ಸಿಲ್ವರ್ ಮರಗಳ ತುದಿ ಮಂಜಿನೊಳಗೆ ಮುಳುಗಿದೆ. ಹಳೆಯ ಕಾಫಿ ಪಲ್ಪರ್ ಮನೆಗೆ ತಾಗಿಸಿ ಕಟ್ಟಿದ ತಗಡಿನ ಲಾಯ. ಅದರ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದವರ ಮಾತೂ ಕೇಳದು. ಒಳಗೆ ಬನ್ನಿ. ಹಿಂದಿನಿಂದ ಮಾತ್ರ ಬೇಡ, ಎಡಗಡೆಯಿಂದ, ಕುದುರೆಯ ಕಣ್ಣಿಗೆ ಬೀಳುವ ಹಾಗೆ ಬನ್ನಿ.

ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಕುದುರೆಯ ಮುಂಗಾಲಿನ ಪಕ್ಕ ಬಾಲದ ಕಡೆಗೆ ಮುಖ ಮಾಡಿ ನಿಂತಿದ್ದಾಳೆ. ಭುಜದಿಂದ ಕೆಳಕ್ಕೆ ಕೈ ಸವರುತ್ತಾ ಹೋಗಿ ಮಂಡಿಯ ಕೆಳಗೆ ಮೆಲ್ಲನೆ ಒತ್ತುತ್ತಾಳೆ. ಕುದುರೆ ಕಾಲೆತ್ತಿ ಕೊಡುತ್ತದೆ. ಗೊರಸನ್ನು ಅಂಗೈಯಲ್ಲಿ ಹಿಡಿದು, ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆಸರು ಕೆದಕುತ್ತಾಳೆ. ಗೊರಸಿನ ನಡುವೆ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ. ಅದರ ಸಂದಿಯಲ್ಲಿ ಕರ್ರಗೆ ಏನೋ ಅಂಟಿಕೊಂಡಿದೆ, ಕೊಳೆತ ವಾಸನೆ ಮೂಗಿಗೆ ಬಡಿಯುತ್ತದೆ. ಒದ್ದೆ ನೆಲದ ಮೇಲೆ ದಿನಗಟ್ಟಲೆ ನಿಂತ ಕುದುರೆಗೆ ಬರುವ ಗೊರಸು ಕೊಳೆ ಇದು. ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಕಾಯಿಲೆ. ಅವಳು ಸಂದಿಯನ್ನು ಹತ್ತಿಯಿಂದ ಒರೆಸಿ ಒಣಗಿಸಿ ಟಿಂಚರ್ ಅಯೋಡಿನ್ ಹಚ್ಚುತ್ತಾಳೆ. ಮುಖದ ಮೇಲೆ ಅಸಹ್ಯದ ಗೆರೆಯೊಂದೂ ಇಲ್ಲ.

ಕುದುರೆ ಅವಳದಲ್ಲ, ಪಕ್ಕದ ಎಸ್ಟೇಟಿನವರದು. ರೇಸಿನಿಂದ ನಿವೃತ್ತಿಯಾಗಿ ಬೆಂಗಳೂರಿನಿಂದ ಬಂದದ್ದು. ಹೋದ ಡಿಸೆಂಬರಿನಲ್ಲಿ, ಹಣ್ಣು ಕೊಯ್ಲಿನ ಸಮಯದ ಒಂದು ರಾತ್ರಿ, ಇದು ನೆಲಕ್ಕೆ ಬಿದ್ದು ಹೊರಳಾಡತೊಡಗಿತು. ಹೊಟ್ಟೆಶೂಲೆ. ಅವಳು ಟಾರ್ಚು ಹಿಡಿದು ನಿಂತಿದ್ದಳು. ಪಶುವೈದ್ಯರು ಬಂದು ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟರು. ಕರುಳಿನ ಗುಡುಗುಡು ಸದ್ದು ನಿಂತೇಹೋಗಿತ್ತು. ನಿಮಿಷಕ್ಕೆ 28ರಿಂದ 44ರ ಒಳಗಿರಬೇಕಾದ ಎದೆಬಡಿತ 60 ದಾಟಿತ್ತು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಮಾತ್ರ 8ರಿಂದ 15 ಲೀಟರ್ ಹಿಡಿಯುವಷ್ಟು ಚಿಕ್ಕದು. ಅದು ಉಬ್ಬಿದರೆ ಒಡೆಯುತ್ತದೆ. ವೈದ್ಯರು ಮೂಗಿನ ಹೊಳ್ಳೆಯಿಂದ ಉದ್ದನೆಯ ನಳಿಗೆ ಇಳಿಸಿ ಗ್ಯಾಸು ಬಿಟ್ಟರು. ಬೆಳಗಿನ ಜಾವಕ್ಕೆ ಕುದುರೆ ಲದ್ದಿ ಹಾಕಿದಾಗ ಲಾಯದಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಕುದುರೆ ವೈದ್ಯಳಾಗುವ ಅವಳ ತೀರ್ಮಾನವೂ ಆಗಲೇ ಆಯಿತು.

ಈಗ ಅವಳ ಮನೆಯ ಜಗಲಿಗೆ ಬನ್ನಿ. ಸಿಇಟಿಯ ಪಶುವೈದ್ಯಕೀಯ ರ‍್ಯಾಂಕ್ ಬಂದಿದೆ, ಆಪ್ಷನ್ ಎಂಟ್ರಿ ಶುರುವಾಗಿದೆ. ಕರೆಂಟಿಲ್ಲ. ಮೊಬೈಲಿನ ಬೆಳಕಿನಲ್ಲಿ ಕಾಲೇಜುಗಳ ಪಟ್ಟಿ: ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್.

“ಹಾಸನದಲ್ಲೇ ಕಾಲೇಜಿದೆ ಅಲ್ವೇನಮ್ಮ. ಶನಿವಾರ ಬಸ್ ಹತ್ತಿದ್ರೆ ರಾತ್ರಿ ಊಟಕ್ಕೆ ಮನೇಲಿರ್ತೀಯ.” ಅಪ್ಪನ ಮಾತಿನಲ್ಲಿ ತಪ್ಪಿಲ್ಲ. ಹಾಸನ ಹತ್ತಿರ, ಬೆಂಗಳೂರು ದೂರ.

“ಅಪ್ಪಾಜಿ, ಅಲ್ಲಿ ಸುತ್ತಮುತ್ತ ಎಲ್ಲಾ ಹಸು. ಹಾಲಿನ ಜಿಲ್ಲೆ. ನಂಗೆ ಕುದುರೆ ಬೇಕು.”

ಅಜ್ಜಿ ಒಲೆಯ ಬುಡದಿಂದಲೇ ಕೇಳುತ್ತಾರೆ: “ಕುದುರೆ ಡಾಕ್ಟ್ರಾಗಿ ಈ ಊರಲ್ಲಿ ಯಾರ್ ಮನೆ ಕುದುರೆ ನೋಡ್ತೀಯವ್ವ?”

“ಅಜ್ಜಿ, ಆಚೆ ಲೈನ್ ಮನೆ ಅಕ್ಕಂಗೆ ಹಾವು ಕಚ್ಚಿದಾಗ ಕ್ರಾಫರ್ಡ್ ಆಸ್ಪತ್ರೇಲಿ ಕೊಟ್ರಲ್ಲ, ಆ ಔಷಧಿ ಎಲ್ಲಿಂದ ಬಂತು ಹೇಳು?”

ಅಜ್ಜಿಗೆ ತಿಳಿಯದು. ತೋಟದಲ್ಲಿ ಬದುಕು ಸವೆಸಿದ ಎಷ್ಟೋ ಮಂದಿಗೂ ತಿಳಿಯದು. ಕಾಫಿ ಗಿಡದ ಬುಡಕ್ಕೆ ಕೈ ಹಾಕುವ ಪ್ರತಿಯೊಬ್ಬರ ಪ್ರಾಣವೂ ಒಂದರ್ಥದಲ್ಲಿ ಕುದುರೆಯ ಋಣದಲ್ಲಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ಕುದುರೆಗೆ ಕೊಡುತ್ತಾ ಹೋಗುತ್ತಾರೆ. ಕುದುರೆಯ ರಕ್ತ ವಿಷಕ್ಕೆ ಎದುರಾಗಿ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಆ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಶುದ್ಧೀಕರಿಸಿ, ಪುಡಿ ಮಾಡಿ ಸೀಸೆಗೆ ತುಂಬುತ್ತಾರೆ. ವಿಷ ಬಹುಪಾಲು ಬರುವುದು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ. ಆ ಸಂಘ ಶುರುವಾದದ್ದು 1978ರಲ್ಲಿ. ಸೂಜಿ ಚುಚ್ಚಿಸಿಕೊಳ್ಳುವ ಆ ಕುದುರೆಗಳ ಆರೋಗ್ಯ ನೋಡಿಕೊಳ್ಳಲು, ಯಾವುದಕ್ಕೆ ವಿಶ್ರಾಂತಿ ಬೇಕು ಎಂದು ಹೇಳಲು, ಕುದುರೆ ಬಲ್ಲ ವೈದ್ಯರು ಬೇಕೇ ಬೇಕು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಒಂದ್ಸಲ ಕಾಲೇಜು ನೋಡ್ಕಂಡು ಬನ್ನಿ,” ಎನ್ನುತ್ತಾರೆ.

ಮರುದಿನ ಮುಂಜಾನೆ ಬಸ್ಸಿನಲ್ಲಿ ಅಪ್ಪ ಮಗಳ ಹಿಂದಿನ ಸೀಟು ನಿಮ್ಮದು. ಬಾಳ್ಳುಪೇಟೆ, ಪಾಳ್ಯ, ಆಲೂರು. ಕಾಫಿಯ ನೆರಳು ತೆಳುವಾಗುತ್ತಾ ಗದ್ದೆ, ಶುಂಠಿ, ಜೋಳದ ಹೊಲ ತೆರೆದುಕೊಳ್ಳುತ್ತವೆ. ಆನೆಗೆ ಹೆದರಿ ಹೊತ್ತು ಮುಳುಗುವ ಮೊದಲೇ ಮನೆ ಸೇರುವ ಸೀಮೆಯಿದು. ಮಗಳನ್ನು ದೂರ ಕಳಿಸುವ ಅಪ್ಪನ ಅಳುಕನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಸನ, ಚನ್ನರಾಯಪಟ್ಟಣ, ಯಡಿಯೂರು ಕಳೆದರೆ ಕುಣಿಗಲ್. ಟಿಪ್ಪು ತನ್ನ ಅಶ್ವದಳಕ್ಕೆ ಕುದುರೆ ಬೆಳೆಸಿದ ನೆಲ ಅದು; ಮುಂದೆ ರೇಸಿನ ಥರೋಬ್ರೆಡ್ ತಳಿಗೆ ದೇಶದಲ್ಲೇ ಹೆಸರಾಯಿತು. ಕುಣಿಗಲ್ ಬಂದಾಗ ಹುಡುಗಿ ಕಿಟಕಿಗೆ ಹಣೆ ಒತ್ತಿ ನೋಡುತ್ತಾಳೆ.

ಕುದುರೆ ವೈದ್ಯರಾಗಲು ನಮ್ಮಲ್ಲಿ ನೇರ ದಾರಿಯಿಲ್ಲ. ಮೊದಲು ಐದೂವರೆ ವರ್ಷದ ಬಿ.ವಿ.ಎಸ್ಸಿ., ಅದರ ಕೊನೆಯ ವರ್ಷ ಇಂಟರ್ನ್‌ಶಿಪ್, ಆಮೇಲೆ ಎಂ.ವಿ.ಎಸ್ಸಿ., ಅಥವಾ ಸ್ಟಡ್ ಫಾರಂ, ರೇಸ್ ಕ್ಲಬ್ಬು, ಸೇನೆ. ಮೀರತ್‌ನಲ್ಲಿ ಕೇಂದ್ರವಿರುವ ಸೇನೆಯ ರಿಮೌಂಟ್ ವೆಟರ್ನರಿ ಕೋರ್‌ಗೆ 1779ರಿಂದ ಇತಿಹಾಸವಿದೆ. ಹರಿಯಾಣದ ಹಿಸಾರಿನಲ್ಲಿ 1985ರಲ್ಲಿ ಶುರುವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ಇಂಗ್ಲೆಂಡಿನಲ್ಲಿ ಅಶ್ವವಿಜ್ಞಾನದ ಪದವಿಗಳೂ ಇವೆ, ಏಜೆಂಟರ ಜಾಹೀರಾತುಗಳು ಹಳ್ಳಿಯ ಮೊಬೈಲಿಗೂ ಬರುತ್ತವೆ. ಆದರೆ ಅಶ್ವವಿಜ್ಞಾನದ ಪದವಿ ಬೇರೆ, ಪಶುವೈದ್ಯರ ಪದವಿ ಬೇರೆ. ಚಿಕಿತ್ಸೆ ಮಾಡುವ ಹಕ್ಕು ನಮ್ಮ ದೇಶದಲ್ಲಿ ನೋಂದಾಯಿತ ಪಶುವೈದ್ಯರಿಗೆ ಮಾತ್ರ. ತೋಟ ಅಡವಿಟ್ಟು ಮಕ್ಕಳನ್ನು ಕಳಿಸುವ ಮುನ್ನ ಈ ಒಂದು ವಿಷಯ ತಿಳಿದಿರಲಿ.

ಹೆಬ್ಬಾಳ. 1958ರಲ್ಲಿ ಶುರುವಾದ ಕಾಲೇಜು. ಹೊರಗೆ ಮೇಲ್ಸೇತುವೆಯ ಗದ್ದಲ, ಒಳಗೆ ದೊಡ್ಡ ಮರಗಳು. ಏಪ್ರನ್ ತೊಟ್ಟ ವಿದ್ಯಾರ್ಥಿನಿಯೊಬ್ಬಳು ಎದುರಾಗುತ್ತಾಳೆ. ಹುಡುಗಿ ಸಂಕೋಚ ಬಿಟ್ಟು ಕೇಳುತ್ತಾಳೆ: “ಅಕ್ಕ, ಇಲ್ಲಿ ಕುದುರೆ ಬರ್ತಾವಾ?”

“ದಿನಾ ಬರಲ್ಲ ಕಣೆ. ಬಂದ ದಿನ ಮಾತ್ರ ಊಟ ಬಿಟ್ಟಾದ್ರೂ ನಿಂತು ನೋಡು. ರೇಸ್ ಕೋರ್ಸ್ ಇದೇ ಊರಲ್ಲಿದೆ, ರೈಡಿಂಗ್ ಸ್ಕೂಲ್‌ಗಳಿವೆ. ಕೇಳ್ಕೊಂಡು ಹೋದ್ರೆ ಕಲಿಯೋಕೆ ಆಗುತ್ತೆ. ಆದ್ರೆ ಮೊದಲು ಹಸು, ನಾಯಿ, ಕುರಿ ಎಲ್ಲಾ ಕಲೀಬೇಕು. ಅದಕ್ಕೆ ಒಪ್ಪಿಗೆನಾ?”

“ಒಪ್ಪಿಗೆ.”

ಅಪ್ಪ ಹಾಸ್ಟೆಲಿನ ಊಟ, ಬಸ್ಸು, ಹುಡುಗಿಯರ ಸುರಕ್ಷತೆ ಎಲ್ಲ ವಿಚಾರಿಸುತ್ತಾರೆ. ಉತ್ತರಗಳನ್ನು ಕೇಳುತ್ತಾ ಅವರ ಹುಬ್ಬಿನ ಗಂಟು ಸಡಿಲವಾಗುವುದು ನಿಮಗೆ ಕಾಣುತ್ತದೆ.

ಕುದುರೆಯ ಓದಿಗೆ ಭವಿಷ್ಯ ಇದೆಯೇ ಎಂದು ಕೇಳುವವರು ಒಂದು ಅಂಕಿ ಮುಂದಿಡುತ್ತಾರೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷ ದಾಟಿದ್ದ ಕುದುರೆ ಮತ್ತು ತಟ್ಟುಗಳು 2019ಕ್ಕೆ 3.4 ಲಕ್ಷಕ್ಕೆ ಇಳಿದವು. ನಿಜ. ಆದರೆ ಉಳಿದವಕ್ಕೂ ಹೊಟ್ಟೆಶೂಲೆ ಬರುತ್ತದೆ, ಗೊರಸು ಕೊಳೆಯುತ್ತದೆ. ಸಾಕುವವರು ಕಡಿಮೆಯಾದಂತೆ ಕುದುರೆಯ ಮೈ ಬಲ್ಲವರೂ ಕಡಿಮೆಯಾಗುತ್ತಾರೆ. ಲಾಳ ಕಟ್ಟುವವರು ನಮ್ಮ ಎಷ್ಟು ಊರುಗಳಲ್ಲಿ ಉಳಿದಿದ್ದಾರೆ? ಬಲ್ಲವರು ಈಗಲೇ ಹೆಚ್ಚು ಬೇಕು.

ನನ್ನ ಕೇಳಿದರೆ, ಆ ಹುಡುಗಿ ಮೊದಲ ಆಯ್ಕೆಯಾಗಿ ಹೆಬ್ಬಾಳ, ಎರಡನೆಯದಾಗಿ ಹಾಸನ ಬರೆಯಬೇಕು. ಹಾಸನವೇ ಸಿಕ್ಕರೆ ಕಣ್ಣಿಗೊತ್ತಿಕೊಂಡು ಸೇರಬೇಕು. ಎರಡೂ ಒಂದೇ ವಿಶ್ವವಿದ್ಯಾಲಯದವು, ಪದವಿಯೂ ಒಂದೇ. ರಜೆಯಲ್ಲಿ ಬೆಂಗಳೂರಿನ ರೇಸ್ ಕೋರ್ಸಿಗೋ ಮೈಸೂರಿನ ಅಶ್ವಾರೋಹಿ ಪೊಲೀಸ್ ಲಾಯಕ್ಕೋ ಅನುಮತಿ ಕೇಳಿ ಹೋಗಬಹುದು. ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಆಪ್ಷನ್ ಒತ್ತುವ ಮೊದಲು ಒಮ್ಮೆ ಕಾಲೇಜಿಗೆ ಕರೆದುಕೊಂಡು ಹೋಗಿ. ಇಲ್ಲಿಗೆ ಕುದುರೆಗಳು ಬರುತ್ತವೆಯೇ, ಇಂಟರ್ನ್‌ಶಿಪ್ಪಿನಲ್ಲಿ ಮಕ್ಕಳನ್ನು ಯಾವ ಲಾಯಕ್ಕೆ ಕಳಿಸುತ್ತೀರಿ ಎಂದು ಮೇಷ್ಟರನ್ನೇ ಕೇಳಿ. ಊರಿನ ದೂರವನ್ನು ಆಮೇಲೆ ಅಳೆಯಿರಿ.